ಕಟ್ಟಡ ನಿರ್ವಹಣಾ ತಂತ್ರಜ್ಞಾನ: ಬಂಡವಾಳ ಬಂತು, ಬಿಲ್ ಯಾರ ಹೆಸರಿಗೆ?

ಬೆಂಗಳೂರು: ನಗರದ ದೊಡ್ಡ ವಸತಿ ಸಮುಚ್ಚಯಗಳ ಬಾಗಿಲಲ್ಲಿ ದಪ್ಪ ರಟ್ಟಿನ ಸಂದರ್ಶಕರ ಪುಸ್ತಕ ಮರೆಯಾಗುತ್ತಿದೆ. ಅದರ ಜಾಗದಲ್ಲಿ ಕಾವಲುಗಾರನ ಕೈಗೆ ಮೊಬೈಲ್ ಫೋನ್ ಬಂದಿದೆ. ಹಾಲಿನವನು, ಮನೆಗೆಲಸದಾಕೆ, ಊಟ ತಲುಪಿಸುವ ಹುಡುಗ, ಊರಿನಿಂದ ಬಂದ ನೆಂಟ - ಎಲ್ಲರ ಪ್ರವೇಶವೂ ನಿವಾಸಿಯ ಫೋನಿಗೆ ಹೋಗುವ ಒಂದು ಸಂದೇಶದ ಮೇಲೆ ನಿಂತಿದೆ. ನೋಡಲು ಸಣ್ಣದೆನಿಸುವ ಈ ಬದಲಾವಣೆಯ ಹಿಂದೆ ನೂರಾರು ಕೋಟಿ ರೂಪಾಯಿಗಳ ಸಾಹಸ ಬಂಡವಾಳ ಕೆಲಸ ಮಾಡಿದೆ.

ಕಟ್ಟಡಗಳ ಭದ್ರತೆ, ನಿರ್ವಹಣಾ ಶುಲ್ಕದ ಲೆಕ್ಕ, ಲಿಫ್ಟು-ಪಂಪುಗಳ ದುರಸ್ತಿ, ಹವಾನಿಯಂತ್ರಣದ ವಿದ್ಯುತ್ ಬಳಕೆ, ಇವನ್ನೆಲ್ಲ ತಂತ್ರಾಂಶದ ಮೂಲಕ ನೋಡಿಕೊಳ್ಳುವ ನವೋದ್ಯಮಗಳಿಗೆ 2018ರಿಂದ 2022ರವರೆಗೆ ಹೂಡಿಕೆದಾರರು ಧಾರಾಳವಾಗಿ ಹಣ ಒದಗಿಸಿದರು. ಆ ಹಣದ ಹೊಳೆ ಆಮೇಲೆ ಇಳಿಯಿತು. ಬೇನ್ ಅಂಡ್ ಕಂಪೆನಿ ಹಾಗೂ ಭಾರತೀಯ ಸಾಹಸ ಬಂಡವಾಳ ಸಂಘಟನೆಯ ವರದಿಗಳ ಪ್ರಕಾರ, 2021ರಲ್ಲಿ ಭಾರತಕ್ಕೆ ಹರಿದುಬಂದ ಸಾಹಸ ಬಂಡವಾಳ ಸುಮಾರು 3,850 ಕೋಟಿ ಡಾಲರ್. 2023ರಲ್ಲಿ ಅದು 960 ಕೋಟಿ ಡಾಲರಿಗೆ ಕುಸಿಯಿತು. 2024ರಲ್ಲಿ ಚೇತರಿಸಿಕೊಂಡರೂ ಹಳೆಯ ಮಟ್ಟದ ಹತ್ತಿರಕ್ಕೂ ಬರಲಿಲ್ಲ.

ಹೊಳೆ ಇಳಿದಾಗಲೇ ತಳದ ಕಲ್ಲು ಕಾಣುವುದು. ಕಟ್ಟಡ ನಿರ್ವಹಣಾ ತಂತ್ರಜ್ಞಾನದ ವಿಷಯದಲ್ಲಿ ಹಾಗೆ ಕಂಡ ಕಲ್ಲು ಒಂದೇ: ಈ ಸೇವೆಗೆ ನಿಜವಾಗಿ ಹಣ ಕೊಡುವವರು ಯಾರು? ಬಂಡವಾಳ ಸಂಗ್ರಹಿಸುವ ಹೊತ್ತಿನಲ್ಲಿ ಈ ಪ್ರಶ್ನೆಗೆ ಉತ್ತರ ಸಿಗದಿದ್ದರೆ, ಹಣ ಹಾಕಿದವರೇ ಮುಂದೆ ಅದಕ್ಕೆ ಉತ್ತರ ಬರೆಯುತ್ತಾರೆ. ಆ ಉತ್ತರ ಕಟ್ಟಡದೊಳಗೆ ವಾಸಿಸುವವರಿಗೆ ಹಿತವಾಗಿರಲೇಬೇಕೆಂದಿಲ್ಲ.

ಗೇಟಿನಿಂದ ಆರಂಭ

ಈ ಕ್ಷೇತ್ರದಲ್ಲಿ ಹೆಚ್ಚು ಚರ್ಚೆಗೊಳಗಾದ ಉದಾಹರಣೆ ಬೆಂಗಳೂರಿನದೇ. ಭಾರತೀಯ ವಾಯುಪಡೆಯ ಮಾಜಿ ಅಧಿಕಾರಿ ವಿಜಯ್ ಅರಿಶೆಟ್ಟಿ, ಅಭಿಷೇಕ್ ಕುಮಾರ್ ಮತ್ತು ಶ್ರೇಯಾಂಸ್ ಡಾಗಾ ಸೇರಿ 2016ರಲ್ಲಿ ಮೈಗೇಟ್ ಕಂಪೆನಿಯನ್ನು ಸ್ಥಾಪಿಸಿದರು. 2018ರಲ್ಲಿ ಪ್ರೈಮ್ ವೆಂಚರ್ ಪಾರ್ಟ್‌ನರ್ಸ್ ಸಂಸ್ಥೆಯಿಂದ ಸುಮಾರು 65 ಕೋಟಿ ರೂಪಾಯಿ ಬಂತು. 2019ರ ಅಕ್ಟೋಬರಿನಲ್ಲಿ ಚೀನಾದ ಟೆನ್ಸೆಂಟ್, ಅಮೆರಿಕದ ಟೈಗರ್ ಗ್ಲೋಬಲ್, ಜೆಎಸ್ ಕ್ಯಾಪಿಟಲ್ ಮತ್ತು ಪ್ರೈಮ್ ಒಟ್ಟಾಗಿ 5.6 ಕೋಟಿ ಡಾಲರ್, ಅಂದರೆ ಅಂದಿನ ಲೆಕ್ಕದಲ್ಲಿ ಸರಿಸುಮಾರು 400 ಕೋಟಿ ರೂಪಾಯಿ ಹೂಡಿದವು.

ಮೈಗೇಟ್ ಈ ಹಾದಿಯಲ್ಲಿ ಮೊದಲನೆಯದೇನೂ ಅಲ್ಲ. ಅಪಾರ್ಟ್‌ಮೆಂಟ್ ಸಂಘಗಳ ಲೆಕ್ಕಪತ್ರ ಹಾಗೂ ಶುಲ್ಕ ವಸೂಲಿಗೆ ತಂತ್ರಾಂಶ ಒದಗಿಸುತ್ತಿದ್ದ ಅಡ್ಡಾ ಮತ್ತು ಅಪ್ನಾಕಾಂಪ್ಲೆಕ್ಸ್ ಇದೇ ನಗರದಲ್ಲಿ ಅದಕ್ಕೂ ಎಷ್ಟೋ ವರ್ಷ ಮೊದಲೇ ಕೆಲಸ ಆರಂಭಿಸಿದ್ದವು. ಅವು ಹಿಡಿದದ್ದು ಸಂಘದ ಖಜಾಂಚಿಯ ಮೇಜನ್ನು. ಹೊಸಬರು ಹಿಡಿದದ್ದು ಗೇಟನ್ನು. ಖಜಾಂಚಿ ತಿಂಗಳಿಗೊಮ್ಮೆ ಲೆಕ್ಕ ತೆರೆದರೆ, ಗೇಟು ದಿನಕ್ಕೆ ನೂರಾರು ಬಾರಿ ತೆರೆಯುತ್ತದೆ. ದಿನಕ್ಕೆ ಹಲವು ಬಾರಿ ಜನರ ಕೈಬೆರಳು ತಾಗುವ ಆ್ಯಪ್‌ಗೆ ಹೂಡಿಕೆದಾರರ ಕಣ್ಣಿನಲ್ಲಿ ಹೆಚ್ಚು ಬೆಲೆ. ಹಣ ಎಲ್ಲಿಗೆ ಹರಿಯಿತೆಂಬುದಕ್ಕೆ ಇದೊಂದೇ ಕಾರಣ ಸಾಕು. ಅಪ್ನಾಕಾಂಪ್ಲೆಕ್ಸ್ 2021ರಲ್ಲಿ ಅನರಾಕ್ ರಿಯಲ್ ಎಸ್ಟೇಟ್ ಸಮೂಹದ ಪಾಲಾಯಿತು.

ಮನೆ ಬಾಡಿಗೆ-ಮಾರಾಟದ ನೋಬ್ರೋಕರ್ ಸಂಸ್ಥೆ 2018ರಲ್ಲಿ ನೋಬ್ರೋಕರ್‌ಹುಡ್ ಎಂಬ ಹೆಸರಿನಲ್ಲಿ ಇದೇ ಗೇಟಿಗೆ ಬಂದು ನಿಂತಿತು. 2021ರ ನವೆಂಬರಿನಲ್ಲಿ ಜನರಲ್ ಅಟ್ಲಾಂಟಿಕ್, ಟೈಗರ್ ಗ್ಲೋಬಲ್ ಮತ್ತು ಮೂರ್ ಸ್ಟ್ರಾಟೆಜಿಕ್ ವೆಂಚರ್ಸ್ ಸಂಸ್ಥೆಗಳಿಂದ 21 ಕೋಟಿ ಡಾಲರ್ ಪಡೆದ ನೋಬ್ರೋಕರ್ 100 ಕೋಟಿ ಡಾಲರ್ ಮೌಲ್ಯದ 'ಯೂನಿಕಾರ್ನ್' ಎನಿಸಿಕೊಂಡಿತು. ಅದರ ಮೂಲ ವ್ಯಾಪಾರ ಬೇರೆಡೆ ಇದೆ ಎಂಬುದು ಇಲ್ಲಿ ಮುಖ್ಯ. ಅಂಥ ಕಂಪೆನಿಗೆ ಗೇಟು ಸಂಪಾದನೆಯ ಜಾಗವಾಗಬೇಕಿಲ್ಲ, ಗಿರಾಕಿ ಸಿಗುವ ಜಾಗವಾದರೆ ಸಾಕು. ಗೇಟಿನ ಸೇವೆಯನ್ನೇ ಮಾರಿ ಬದುಕಬೇಕಾದ ಕಂಪೆನಿಗೆ ಇಂಥ ಪ್ರತಿಸ್ಪರ್ಧಿ ಎದುರಿಗಿದ್ದಾಗ ಬೆಲೆ ಏರಿಸುವುದು ಸುಲಭವಲ್ಲ.

ಇಪ್ಪತ್ತು ರೂಪಾಯಿಯ ಲೆಕ್ಕ

ಈ ಬಿಕ್ಕಟ್ಟನ್ನು ಒಂದು ಕಾಲ್ಪನಿಕ ಲೆಕ್ಕದಿಂದ ಅರಿಯಬಹುದು. ಯಾವುದೋ ಒಂದು ಕಂಪೆನಿ ಪ್ರತಿ ಮನೆಗೆ ತಿಂಗಳಿಗೆ 20 ರೂಪಾಯಿ ಶುಲ್ಕ ವಿಧಿಸುತ್ತದೆ ಎಂದಿಟ್ಟುಕೊಳ್ಳೋಣ. 200 ಮನೆಗಳ ಸಮುಚ್ಚಯದಿಂದ ಬರುವುದು ತಿಂಗಳಿಗೆ 4,000 ರೂಪಾಯಿ, ವರ್ಷಕ್ಕೆ 48,000. ಇಂಥ 10,000 ಸಮುಚ್ಚಯಗಳನ್ನು, ಅಂದರೆ 20 ಲಕ್ಷ ಮನೆಗಳನ್ನು ಗೆದ್ದರೂ ವರ್ಷದ ವರಮಾನ 48 ಕೋಟಿ ರೂಪಾಯಿ.

ಈಗ ಹೂಡಿಕೆದಾರನ ಕಡೆಯಿಂದ ನೋಡೋಣ. ಆತ 400 ಕೋಟಿ ರೂಪಾಯಿ ಹಾಕಿ ಕಾಲು ಭಾಗ ಪಾಲು ಪಡೆದಿದ್ದಾನೆ, ಕೆಲವು ವರ್ಷಗಳಲ್ಲಿ ಹಣ ಐದು ಪಟ್ಟಾಗಬೇಕೆಂದು ಬಯಸುತ್ತಾನೆ ಎಂದುಕೊಂಡರೆ, ಕಂಪೆನಿಯ ಒಟ್ಟು ಮೌಲ್ಯ 8,000 ಕೋಟಿ ರೂಪಾಯಿ ಮುಟ್ಟಬೇಕು. ವರ್ಷಕ್ಕೆ 48 ಕೋಟಿ ದುಡಿಯುವ ವ್ಯವಹಾರಕ್ಕೆ ಅಷ್ಟು ಬೆಲೆ ಕಟ್ಟುವ ಮಾರುಕಟ್ಟೆ ಎಲ್ಲಿಯೂ ಇಲ್ಲ.

ಖರ್ಚಿನ ಬದಿಯೂ ಹಗುರವಲ್ಲ. ಸಮುಚ್ಚಯವೊಂದನ್ನು ಒಪ್ಪಿಸಲು ಮಾರಾಟ ಪ್ರತಿನಿಧಿ ನಿವಾಸಿಗಳ ಸಂಘದ ಪದಾಧಿಕಾರಿಗಳನ್ನು ಹಲವು ಬಾರಿ ಭೇಟಿ ಮಾಡಬೇಕು. ಪದಾಧಿಕಾರಿಗಳು ವೇತನವಿಲ್ಲದೆ ದುಡಿಯುವವರು. ಅವರಿಗೆ ಸಿಗುವುದು ಭಾನುವಾರ ಮಾತ್ರ. ಸರ್ವಸದಸ್ಯರ ಸಭೆಯಲ್ಲಿ ನಾಲ್ಕು ಜನ ವಿರೋಧಿಸಿದರೆ ತೀರ್ಮಾನ ಮುಂದಕ್ಕೆ ಹೋಗುತ್ತದೆ. ಚುನಾವಣೆಯಾಗಿ ಹೊಸ ಸಮಿತಿ ಬಂದರೆ ಮತ್ತೆ ಮೊದಲಿನಿಂದ. ಅತ್ತ ಕಾವಲುಗಾರರು ಗುತ್ತಿಗೆ ಸಂಸ್ಥೆಗಳ ಮೂಲಕ ಬಂದು ಕೆಲವೇ ತಿಂಗಳಲ್ಲಿ ಬದಲಾಗುತ್ತಾರೆ. ಅಸ್ಸಾಂನಿಂದ, ಒಡಿಶಾದಿಂದ, ಉತ್ತರ ಕರ್ನಾಟಕದಿಂದ ಬಂದವರಿಗೆ ಅವರವರ ಭಾಷೆಯಲ್ಲಿ ಪದೇ ಪದೇ ತರಬೇತಿ ನೀಡಬೇಕು. ಇದು ತಂತ್ರಾಂಶದ ವ್ಯಾಪಾರವೆಂದು ಹೇಳಿಕೊಂಡರೂ ಅರ್ಧ ಕೂಲಿ-ಕಾಲ್ನಡಿಗೆಯ ವ್ಯಾಪಾರ.

ಆದ್ದರಿಂದ ಬಂಡವಾಳ ಕೇಳುವ ಹೊತ್ತಿನಲ್ಲಿ ಕಂಪೆನಿಗಳು ಹೂಡಿಕೆದಾರರ ಮುಂದೆ ಎರಡನೆಯ ಕಥೆಯೊಂದನ್ನು ಇಡುವುದು ಅನಿವಾರ್ಯವಾಗುತ್ತದೆ. ಗೇಟಿನ ಶುಲ್ಕ ಆರಂಭ ಮಾತ್ರ. ಮುಂದೆ ನಿರ್ವಹಣಾ ಶುಲ್ಕ ಪಾವತಿ, ಜಾಹೀರಾತು, ಮನೆ ದುರಸ್ತಿ, ವಿಮೆ, ಬಾಡಿಗೆ, ಎಲ್ಲವೂ ಇದೇ ಆ್ಯಪ್ ಮೂಲಕ ಎಂಬುದು ಆ ಕಥೆ. ಭದ್ರತೆಗಾಗಿ ಒಳಗೆ ಬಂದ ಆ್ಯಪ್ ನಿಧಾನವಾಗಿ ಪೇಟೆಬೀದಿಯಾಗುವುದು ಹೀಗೆ.

ಪಾಲುದಾರರು ಬದಲಾದಾಗ

ಹಣ ಎಲ್ಲಿಂದ ಬರುತ್ತದೆ ಎಂಬುದಕ್ಕೆ ರಾಜಕೀಯವೂ ಇದೆ. ಗಡಿ ಹಂಚಿಕೊಂಡಿರುವ ದೇಶಗಳಿಂದ ಬರುವ ಹೂಡಿಕೆಗೆ ಸರ್ಕಾರದ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿ ಕೇಂದ್ರವು 2020ರ ಏಪ್ರಿಲ್ 17ರಂದು ಆದೇಶ ಹೊರಡಿಸಿತು. ಅದಕ್ಕೂ ಆರು ತಿಂಗಳ ಹಿಂದಷ್ಟೇ ಟೆನ್ಸೆಂಟ್ ಹಣ ಪಡೆದಿದ್ದ ಮೈಗೇಟ್‌ನಂಥ ಕಂಪೆನಿಗಳ ಪಾಲಿಗೆ, ದೊಡ್ಡ ಹೂಡಿಕೆದಾರನೊಬ್ಬ ಮುಂದಿನ ಸುತ್ತಿನಲ್ಲಿ ಸಲೀಸಾಗಿ ಕೈಜೋಡಿಸುವ ದಾರಿ ಕಿರಿದಾಯಿತು.

2022ರಲ್ಲಿ ಮೈಗೇಟ್‌ಗೆ ಸುಮಾರು 1.22 ಕೋಟಿ ಡಾಲರ್ ಕೊಟ್ಟವರು ಯಾರೆಂಬುದನ್ನು ಗಮನಿಸಬೇಕು: ಮನೆ ಬಾಗಿಲಿಗೆ ಸೇವೆ ಮಾರುವ ಅರ್ಬನ್ ಕಂಪೆನಿ ಮತ್ತು ವಿಮೆ ಮಾರುವ ಆ್ಯಕೋ. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ. ವ್ಯಾಪಾರದ ದೃಷ್ಟಿಯಿಂದ ಇದು ಜಾಣ ಹೊಂದಾಣಿಕೆಯೇ. ಆದರೆ ಹೂಡಿಕೆಯ ಸ್ವರೂಪ ಬದಲಾದದ್ದು ಸ್ಪಷ್ಟ. ಸಾಹಸ ಬಂಡವಾಳದ ಸಂಸ್ಥೆ ಪಾಲಿನ ಬೆಲೆ ಏರುವುದನ್ನು ಕಾಯುತ್ತದೆ. ಸೇವೆ ಮಾರುವ ಸಂಸ್ಥೆಗೆ ಗಿರಾಕಿಯ ಮನೆಯೇ ಲಾಭದ ಮೂಲ. ಗೇಟು ಕಾಯುವ ಆ್ಯಪ್‌ನ ಪಾಲುದಾರರ ಪಟ್ಟಿಯಲ್ಲಿ, ಗೇಟಿನೊಳಗೆ ಬರಬಯಸುವ ವ್ಯಾಪಾರಿಗಳೂ ಸೇರಿದರು.

ಅಲ್ಲಿಯವರೆಗೆ ತಾವು ಸಂಘದ ಮೂಲಕ ಶುಲ್ಕ ಕೊಡುವ ಗ್ರಾಹಕರೆಂದು ಭಾವಿಸಿದ್ದ ನಿವಾಸಿಗಳು, ಲೆಕ್ಕದ ಇನ್ನೊಂದು ಪುಟದಲ್ಲಿ ಮಾರಾಟದ ಗುರಿಯೂ ಆಗಿರುತ್ತಾರೆ. ಶುಲ್ಕವೂ ಕೊಡದ, ಒಪ್ಪಿಗೆಯನ್ನೂ ಕೇಳಿಸಿಕೊಳ್ಳದ ಇನ್ನೊಂದು ವರ್ಗವಿದೆ. ಮನೆಗೆಲಸದವರು, ಅಡುಗೆಯವರು, ಚಾಲಕರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು, ಎಷ್ಟು ಮನೆಗಳಲ್ಲಿ ದುಡಿಯುತ್ತಾರೆ ಎಂಬುದೆಲ್ಲ ಇಂಥ ವ್ಯವಸ್ಥೆಗಳಲ್ಲಿ ದಾಖಲಾಗುತ್ತದೆ. ಹೂಡಿಕೆಯ ಮಾತುಕತೆಯಲ್ಲಿ ಇವೆಲ್ಲ 'ದತ್ತಾಂಶ' ಎಂಬ ಒಂದೇ ಪದದಲ್ಲಿ ಅಡಗಿಹೋಗುತ್ತವೆ.

ತಂಪಿನ ವ್ಯಾಪಾರ

ವಸತಿ ಕಟ್ಟಡಗಳ ಕಥೆ ಹೀಗಾದರೆ, ಕಚೇರಿ, ಮಾಲ್ ಹಾಗೂ ಆಸ್ಪತ್ರೆ ಕಟ್ಟಡಗಳ ಕಥೆ ಬೇರೆ. ಅಲ್ಲಿ ಮಾರಾಟಕ್ಕಿರುವುದು ಉಳಿತಾಯ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಒಟ್ಟು ಅಂತಿಮ ಇಂಧನ ಬಳಕೆಯ ಸುಮಾರು ಶೇ 30ರಷ್ಟು ಕಟ್ಟಡಗಳನ್ನು ನಡೆಸುವುದಕ್ಕೇ ವ್ಯಯವಾಗುತ್ತದೆ. ಹವಾನಿಯಂತ್ರಿತ ಕಚೇರಿಗಳ ವಿದ್ಯುತ್ ಬಿಲ್ಲಿನಲ್ಲಿ ತಂಪಿನದೇ ದೊಡ್ಡ ಪಾಲು. ಖಾಲಿ ಕೊಠಡಿಯನ್ನು ತಂಪುಗೊಳಿಸುವುದನ್ನು ನಿಲ್ಲಿಸಿದರೂ ಸಾಕು, ಉಳಿತಾಯ ಬಿಲ್ಲಿನಲ್ಲೇ ಕಾಣುತ್ತದೆ.

ದೀಪೀಂದರ್ ಸಿಂಗ್ 2012ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಸ್ಥಾಪಿಸಿದ, ಬೆಂಗಳೂರಿನಲ್ಲೂ ಕಚೇರಿ ಹೊಂದಿರುವ 75ಎಫ್ ಕಂಪೆನಿ ಇದೇ ತತ್ವದ ಮೇಲೆ ಬೆಳೆದದ್ದು. ಕೋಣೆಕೋಣೆಯ ಉಷ್ಣಾಂಶವನ್ನು ಸಂವೇದಕಗಳಿಂದ ಅರಿತು ಗಾಳಿಯ ಹರಿವನ್ನು ಹೊಂದಿಸುವುದು ಅದರ ಕೆಲಸ. ಬಿಲ್ ಗೇಟ್ಸ್ ನೇತೃತ್ವದಲ್ಲಿ ಸ್ಥಾಪನೆಯಾದ ಬ್ರೇಕ್‌ಥ್ರೂ ಎನರ್ಜಿ ವೆಂಚರ್ಸ್ ಮುಂದಾಳತ್ವದಲ್ಲಿ 2019ರಲ್ಲಿ ಅದಕ್ಕೆ 1.8 ಕೋಟಿ ಡಾಲರ್ ಬಂತು. 2021ರಲ್ಲಿ ಸೀಮೆನ್ಸ್ ಕೂಡ ಹೂಡಿಕೆದಾರರ ಸಾಲಿಗೆ ಸೇರಿತು. ಚೆನ್ನೈ ಮೂಲದ ಫೆಸಿಲಿಯೊ 2017ರಲ್ಲಿ ಆರಂಭವಾಗಿ, 2019ರಲ್ಲಿ ಟೈಗರ್ ಗ್ಲೋಬಲ್ ಮತ್ತು ಆ್ಯಕ್ಸೆಲ್‌ನಿಂದ 64 ಲಕ್ಷ ಡಾಲರ್, 2022ರಲ್ಲಿ ಡ್ರ್ಯಾಗನಿಯರ್ ಮುಂದಾಳತ್ವದಲ್ಲಿ 3.5 ಕೋಟಿ ಡಾಲರ್ ಪಡೆಯಿತು. ಹಲವು ಕಟ್ಟಡಗಳನ್ನು ಹೊಂದಿದ ದೊಡ್ಡ ಮಾಲೀಕರಿಗೆ, ದೇಶದ ಹೊರಗಿನ ಮಾರುಕಟ್ಟೆಗಳಿಗೆ ಅದು ಗಮನ ಹರಿಸಿತು. ಗುರುಗ್ರಾಮದ ಝೆನಾಟಿಕ್ಸ್ ಸಾಗಿದ್ದು ಮತ್ತೊಂದು ಹಾದಿ. 2019ರಲ್ಲಿ ಹೀರೊ ಎಲೆಕ್ಟ್ರಾನಿಕ್ಸ್ ಅದನ್ನು ಕೊಂಡಿತು. ಆನಂತರ ಅದು ಫ್ರಾನ್ಸಿನ ಶ್ನೈಡರ್ ಎಲೆಕ್ಟ್ರಿಕ್ ತೆಕ್ಕೆಗೆ ಹೋಯಿತು.

ಇಲ್ಲಿಯೂ ತೊಡಕಿಲ್ಲದಿಲ್ಲ. ಉಪಕರಣ ಅಳವಡಿಸಲು ಹಣ ಹಾಕಬೇಕಾದವನು ಕಟ್ಟಡದ ಮಾಲೀಕ. ವಿದ್ಯುತ್ ಬಿಲ್ ಕಟ್ಟುವವನು ಬಾಡಿಗೆದಾರ. ಉಳಿತಾಯ ಬಾಡಿಗೆದಾರನಿಗೆ, ಖರ್ಚು ಮಾಲೀಕನಿಗೆ ಎಂದಾದಾಗ ಮಾಲೀಕನೇಕೆ ಮುಂದೆ ಬರುತ್ತಾನೆ? ಒಂದೇ ಸಂಸ್ಥೆ ಮಾಲೀಕನೂ ಬಳಕೆದಾರನೂ ಆಗಿರುವ ಕಡೆ, ಅಂದರೆ ಆಸ್ಪತ್ರೆ, ಬ್ಯಾಂಕ್ ಶಾಖೆ, ಚಿಲ್ಲರೆ ಮಳಿಗೆಗಳ ಸರಣಿಗಳಲ್ಲಿ, ಈ ವ್ಯಾಪಾರ ಸಲೀಸಾಗಿ ನಡೆಯುವುದು ಇದಕ್ಕಾಗಿಯೇ. ಆದರೂ ಈ ಕ್ಷೇತ್ರಕ್ಕೆ ಒಂದು ಅನುಕೂಲವಿದೆ. ಸೇವೆಯ ಬೆಲೆಯನ್ನು ಉಳಿತಾಯದ ಪಕ್ಕದಲ್ಲಿಟ್ಟು ತೂಗಬಹುದು. ಬಂಡವಾಳ ಕೇಳುವಾಗ ಎರಡನೆಯ ಕಥೆ ಹೇಳಬೇಕಾದ ಒತ್ತಡ ಕಡಿಮೆ.

ಇಲ್ಲಿನ ಹೂಡಿಕೆದಾರರ ಸ್ವಭಾವವೂ ಭಿನ್ನ. ಸೀಮೆನ್ಸ್, ಶ್ನೈಡರ್‌ನಂಥ ಕಂಪೆನಿಗಳು ದಶಕಗಳಿಂದ ಕಟ್ಟಡಗಳಿಗೆ ಉಪಕರಣ ಮಾರಿದವು. ಕಟ್ಟಡ ಐವತ್ತು ವರ್ಷ ಬಾಳುತ್ತದೆ, ಅದರ ಮಾಲೀಕ ನಿಧಾನವಾಗಿ ತೀರ್ಮಾನಿಸುತ್ತಾನೆ ಎಂಬುದನ್ನು ಅವು ಬಲ್ಲವು. ಸಾಹಸ ಬಂಡವಾಳ ನಿಧಿಯ ಸಾಮಾನ್ಯ ಆಯುಷ್ಯ ಹತ್ತು ವರ್ಷ. ಅದರ ಗಡಿಯಾರ ಬೇರೆ.

ಅಮೆರಿಕದ ಪಾಠ

ಈ ಗಡಿಯಾರವನ್ನು ಬಲವಂತವಾಗಿ ಮುಂದಕ್ಕೆ ತಿರುಗಿಸಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕಿನ ಲ್ಯಾಚ್ ಕಂಪೆನಿ ಸಾಕ್ಷಿ. ಅಪಾರ್ಟ್‌ಮೆಂಟುಗಳಿಗೆ ಸ್ಮಾರ್ಟ್ ಬೀಗ ಹಾಗೂ ತಂತ್ರಾಂಶ ಒದಗಿಸುತ್ತಿದ್ದ ಇದು, ರಿಯಲ್ ಎಸ್ಟೇಟ್ ದೈತ್ಯ ಟಿಶ್‌ಮನ್ ಸ್ಪೈಯರ್ ಪ್ರಾಯೋಜಿಸಿದ್ದ ಕಂಪೆನಿಯೊಂದಿಗೆ ವಿಲೀನಗೊಂಡು 2021ರಲ್ಲಿ ಸುಮಾರು 156 ಕೋಟಿ ಡಾಲರ್ ಮೌಲ್ಯದೊಡನೆ ಷೇರುಪೇಟೆ ಪ್ರವೇಶಿಸಿತು. 2022ರ ಆಗಸ್ಟಿನಲ್ಲಿ ತನ್ನ ಹಿಂದಿನ ಹಣಕಾಸು ವರದಿಗಳನ್ನು ನಂಬುವಂತಿಲ್ಲವೆಂದು ಕಂಪೆನಿಯೇ ಪ್ರಕಟಿಸಬೇಕಾಯಿತು. ಮಾರಾಟದ ವರಮಾನವನ್ನು ಲೆಕ್ಕಕ್ಕೆ ಹಿಡಿದ ರೀತಿಯಲ್ಲಿಯೇ ದೋಷವಿತ್ತು. 2023ರಲ್ಲಿ ನಾಸ್‌ಡಾಕ್ ಪಟ್ಟಿಯಿಂದ ಅದರ ಹೆಸರು ಹೊರಬಿತ್ತು.

ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುವ ಗಾಜು ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ವ್ಯೂ ಕಂಪೆನಿಗೆ 2018ರಲ್ಲಿ ಸಾಫ್ಟ್‌ಬ್ಯಾಂಕಿನ ವಿಷನ್ ಫಂಡ್ 110 ಕೋಟಿ ಡಾಲರ್ ಸುರಿದಿತ್ತು. ಅದು 2024ರ ಏಪ್ರಿಲಿನಲ್ಲಿ ದಿವಾಳಿ ಸಂರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ಎರಡೂ ಕಡೆ ತಂತ್ರಜ್ಞಾನ ನಿರುಪಯುಕ್ತವಾಗಿರಲಿಲ್ಲ. ಕಟ್ಟಡಗಳು ಖರೀದಿಸುವ ವೇಗಕ್ಕೂ ಬಂಡವಾಳ ಬಯಸಿದ ವೇಗಕ್ಕೂ ತಾಳೆಯಾಗಲಿಲ್ಲ.

ಸರ್ಕಾರದ ಹೆಜ್ಜೆಗಳು

ಬಂಡವಾಳದ ಹಾದಿ ಸುಗಮಗೊಳಿಸಲು ಸರ್ಕಾರಗಳು ಏನೂ ಮಾಡಿಲ್ಲವೆನ್ನಲಾಗದು. ಷೇರಿಗೆ ನ್ಯಾಯಯುತ ಬೆಲೆಗಿಂತ ಹೆಚ್ಚು ಹಣ ಪಡೆದರೆ ಆ ಹೆಚ್ಚುವರಿಗೆ ವರಮಾನ ತೆರಿಗೆ ವಿಧಿಸುತ್ತಿದ್ದ, 2012ರಲ್ಲಿ ಜಾರಿಗೆ ಬಂದಿದ್ದ 'ಏಂಜೆಲ್ ತೆರಿಗೆ'ಯನ್ನು ರದ್ದುಪಡಿಸುವುದಾಗಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2024ರ ಜುಲೈ ಬಜೆಟ್ಟಿನಲ್ಲಿ ಘೋಷಿಸಿದರು. 2016ರಲ್ಲಿ ಆರಂಭವಾದ 10,000 ಕೋಟಿ ರೂಪಾಯಿಗಳ ನಿಧಿಯ ಜೊತೆಗೆ ಅಷ್ಟೇ ಮೊತ್ತದ ಇನ್ನೊಂದು ನಿಧಿಯನ್ನು 2025ರ ಬಜೆಟ್ ಪ್ರಕಟಿಸಿತು. ಇದು ನೇರವಾಗಿ ನವೋದ್ಯಮಗಳಿಗೆ ಹೋಗುವುದಿಲ್ಲ, ಸೆಬಿ ನೋಂದಾಯಿತ ಹೂಡಿಕೆ ನಿಧಿಗಳ ಮೂಲಕ ಹರಿಯುತ್ತದೆ. ಕರ್ನಾಟಕ ಸರ್ಕಾರ 2017ರಲ್ಲಿ ಆರಂಭಿಸಿದ ಎಲಿವೇಟ್ ಕಾರ್ಯಕ್ರಮದಡಿ ಆಯ್ಕೆಯಾದ ನವೋದ್ಯಮಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ದೊರೆಯುವಂತಾಯಿತು.

ಇವೆಲ್ಲ ಹಣದ ಪೂರೈಕೆಯನ್ನು ಹೆಚ್ಚಿಸುವ ಕ್ರಮಗಳು. ಬೇಡಿಕೆಯ ಕಡೆ ನೋಡುವವರು ಕಡಿಮೆ. 2022ರ ಇಂಧನ ಸಂರಕ್ಷಣಾ ತಿದ್ದುಪಡಿ ಕಾಯ್ದೆಯು 100 ಕಿಲೋವಾಟ್ ಸಂಪರ್ಕ ಹೊರೆಯಿರುವ ಕಟ್ಟಡಗಳಿಗೆ ಇಂಧನ ಸಂರಕ್ಷಣೆ ಮತ್ತು ಸುಸ್ಥಿರ ಕಟ್ಟಡ ಸಂಹಿತೆಯ ದಾರಿ ತೆರೆಯಿತು. ಇಂಥ ಸಂಹಿತೆಯನ್ನು ರಾಜ್ಯಗಳು, ನಗರಾಡಳಿತಗಳು ನಿಷ್ಠೆಯಿಂದ ಜಾರಿಗೊಳಿಸಿದರೆ, ಇಂಧನ ಉಳಿಸುವ ನವೋದ್ಯಮಕ್ಕೆ ಅದು ಯಾವ ಅನುದಾನಕ್ಕಿಂತಲೂ ದೊಡ್ಡ ಬಂಡವಾಳ. ಕೊಳ್ಳುವವನು ಇದ್ದಾನೆಂದು ಖಚಿತವಾದಾಗ ಹೂಡಿಕೆದಾರನನ್ನು ಹುಡುಕಿ ಅಲೆಯುವ ಪ್ರಮೇಯ ತಗ್ಗುತ್ತದೆ.

ದತ್ತಾಂಶದ ವಿಷಯದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪೆನಿಗಳ ಮೇಲಿನ ಬಹುಪಾಲು ಬಾಧ್ಯತೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಯಿತು. ಯಾವ ಉದ್ದೇಶಕ್ಕೆ ಮಾಹಿತಿ ಪಡೆಯಲಾಗಿದೆಯೋ ಅದಕ್ಕೆ ಮಾತ್ರ ಬಳಸಬೇಕು ಎಂಬ ತತ್ವ ನಿಜಕ್ಕೂ ಜಾರಿಯಾದರೆ, ಗೇಟಿನ ಮಾಹಿತಿಯಿಂದ ಪೇಟೆ ಕಟ್ಟುವ ಎರಡನೆಯ ಕಥೆಗೆ ಕಡಿವಾಣ ಬೀಳಲಿದೆ. ಅದನ್ನು ನೆಚ್ಚಿಕೊಂಡು ಮೌಲ್ಯ ಕಟ್ಟಿದವರು ಲೆಕ್ಕವನ್ನು ಮತ್ತೆ ಬರೆಯಬೇಕಾದೀತು.

ಸಂಘಗಳ ಕೈಯಲ್ಲಿರುವ ಅಸ್ತ್ರ

ನಿವಾಸಿಗಳ ಸಂಘಗಳು ಈ ಇಡೀ ವ್ಯವಹಾರದಲ್ಲಿ ತಾವು ಅಸಹಾಯಕರೆಂದು ತಿಳಿಯಬೇಕಿಲ್ಲ. ಹೂಡಿಕೆದಾರನ ಮುಂದೆ ಕಂಪೆನಿ ತೋರಿಸುವ ಅಂಕಿಗಳಲ್ಲಿ ಮೊದಲನೆಯದು, ಎಷ್ಟು ಸಮುಚ್ಚಯಗಳು ತನ್ನೊಂದಿಗಿವೆ ಎಂಬುದು. ಆ ಅಂಕಿಯ ಒಡೆತನ ಸಂಘಗಳದ್ದೇ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅವು ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಉಚಿತವಾದರೆ ಖರ್ಚು ಭರಿಸುವವರು ಯಾರು? ಮಾಹಿತಿ ಎಷ್ಟು ಕಾಲ ಉಳಿಯುತ್ತದೆ, ಯಾರಿಗೆ ಹೋಗುತ್ತದೆ? ಕಂಪೆನಿ ಮಾರಾಟವಾದರೆ ಒಪ್ಪಂದದ ಗತಿಯೇನು? ಸೇವೆ ಬಿಟ್ಟು ಹೊರಟರೆ ಲೆಕ್ಕಪತ್ರ ಹಾಗೂ ದಾಖಲೆಗಳು ಬಳಸಬಹುದಾದ ರೂಪದಲ್ಲಿ ಕೈಗೆ ಬರುತ್ತವೆಯೇ?

ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಟ್ಟು, ಅದಕ್ಕೆ ತಕ್ಕ ಶುಲ್ಕ ಕೇಳುವ ಕಂಪೆನಿಗೆ ಶುಲ್ಕ ಕೊಡಲು ಸಂಘಗಳೂ ಹಿಂಜರಿಯಬಾರದು. ತಿಂಗಳಿಗೆ ಸಾವಿರಾರು ರೂಪಾಯಿ ನಿರ್ವಹಣಾ ಶುಲ್ಕ ಕಟ್ಟುವ ಮನೆಗಳು, ಭದ್ರತೆಯ ತಂತ್ರಾಂಶಕ್ಕೆ ಇಪ್ಪತ್ತು ರೂಪಾಯಿ ಹೆಚ್ಚೆಂದು ಚೌಕಾಸಿ ಮಾಡಿದರೆ, ಉಳಿದ ಹಣವನ್ನು ಬೇರೆ ಯಾರೋ ಬೇರೆ ದಾರಿಯಲ್ಲಿ ವಸೂಲು ಮಾಡಿಕೊಳ್ಳುತ್ತಾರೆ.

ಉದ್ಯಮಿಗಳಿಗೂ ಇದರಲ್ಲಿ ಕಿವಿಮಾತಿದೆ. ಕಟ್ಟಡವನ್ನು ನಂಬಿ ಬದುಕುವ ವ್ಯಾಪಾರಕ್ಕೆ ಕಟ್ಟಡದಂಥದೇ ತಾಳ್ಮೆಯ ಹಣ ಬೇಕು. ಆ ಹಣ ಕಡಿಮೆ ಬರುತ್ತದೆ, ತಡವಾಗಿ ಬರುತ್ತದೆ. ಬೇಗ ಬರುವ ದೊಡ್ಡ ಹಣ ಬಯಸುವುದೂ ಬೇಗ ಬರುವ ದೊಡ್ಡ ಲಾಭವನ್ನು. ಅದನ್ನು ಕೊಡುವ ಶಕ್ತಿ ಅಪಾರ್ಟ್‌ಮೆಂಟಿನ ಗೇಟಿಗೆ ಇದೆಯೇ ಎಂಬುದನ್ನು ಸಹಿ ಹಾಕುವ ಮುನ್ನವೇ ಲೆಕ್ಕ ಹಾಕಿಕೊಳ್ಳುವುದು ಒಳಿತು. ಪಾಯ ಅಗೆಯುವಾಗ ಆದ ತಪ್ಪನ್ನು ಹತ್ತನೆಯ ಮಹಡಿಯಲ್ಲಿ ನಿಂತು ಸರಿಪಡಿಸಲಾಗದು.